ಓದಬಾರದಿದ್ದ ಚೀಟಿ

ಬೀಳ್ಕೊಡುಗೆಯ ಭಾನುವಾರ ನನಗೆ ಶಾಲು ಹೊದಿಸಿದರು. ಗ್ರೀನ್‌ಫರ್ಡ್‌ನ ಚರ್ಚ್ ಹಾಲಿನಲ್ಲಿ ಅಂದು ಹೀಟರ್ ಜೋರಾಗಿತ್ತು. ಶಾಲಿನ ಒಳಗೆ ಬೆವರು ಇಳಿಯುತ್ತಿದ್ದರೂ ಫೋಟೋ ಮುಗಿಯುವ ತನಕ ತೆಗೆಯುವ ಹಾಗಿರಲಿಲ್ಲ. ಏಳು ಜನ ಮಾತಾಡಿದರು. ಏಳು ಜನರೂ ಸುತ್ತಿ ಬಳಸಿ ಹೇಳಿದ್ದು ಒಂದೇ ಮಾತು: ನಮ್ಮ ಅಯ್ಯನವರು ಕಾಲಿಡದ ಮನೆಯಿಲ್ಲ. ನಮ್ಮ ಕನ್ನಡ ಸಭೆಗಳಲ್ಲಿ ಪಾದ್ರಿಯನ್ನು ಅಯ್ಯನವರೆಂದೂ ಅವರ ಹೆಂಡತಿಯನ್ನು ಅಮ್ಮನವರೆಂದೂ ಕರೆಯುವುದು ರೂಢಿ. ಆ ಮಾತು ಬಂದಾಗಲೆಲ್ಲ ನಾನು ಶಾಲಿನ ಅಂಚು ಸರಿಮಾಡಿಕೊಳ್ಳುತ್ತಿದ್ದೆ. ಅದು ಪೂರ್ತಿ ನಿಜವಲ್ಲವೆಂದು ಆ ಹಾಲಿನಲ್ಲಿ ಮೂವರಿಗೆ ಗೊತ್ತಿತ್ತು, ಅವರಲ್ಲಿ ನಾನೊಬ್ಬ.

ನನ್ನ ಜಾಗಕ್ಕೆ ಬರಲಿರುವ ಕಿರಿಯ ಸಭಾಪಾಲಕರು ಫೋನ್ ಮಾಡಿ, "ಅಯ್ಯನವರೇ, ಕೆಲಸ ನಿಜವಾಗ್ಲೂ ಹೇಗಿರತ್ತೆ?" ಎಂದು ಕೇಳಿದರು. ಹಾಲಿನ ಕೀಲಿ ಯಾರ ಹತ್ತಿರ ಇರುತ್ತದೆ, ಸೌಂಡ್ ಸಿಸ್ಟಮ್ ಎಲ್ಲಿ ಕೈಕೊಡುತ್ತದೆ ಎಂದೆಲ್ಲ ಹೇಳಿ ಫೋನ್ ಇಟ್ಟೆ. ಆಮೇಲೆ ಅದು ಉತ್ತರವಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಪದವಿ, ಬಡ್ತಿ, ಸಿಕ್ಕ ಸನ್ಮಾನಗಳ ವಿಷಯ ಇಲ್ಲಿಲ್ಲ. ಹೆಚ್ಚಾಗಿ ಎಡವಿದ್ದೇ ಇದೆ.

ನಾನು ಗದಗ-ಬೆಟಗೇರಿಯವನು. ಹದಿಮೂರು ವರ್ಷ ಊರ ಕಡೆ ಕೆಲಸ ಮಾಡಿ, ಆಮೇಲೆ ಇಂಗ್ಲಿಷರ ಈ ದೇಶಕ್ಕೆ, ಇಲ್ಲಿನ ಒಂದು ಇಂಗ್ಲಿಷ್ ಚರ್ಚಿನ ಸಹಾಯಕ ಪಾದ್ರಿಯಾಗಿ ಬಂದೆ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಮಧ್ಯಾಹ್ನ ಅವರ ಹಾಲು ಖಾಲಿ ಇರುತ್ತಿತ್ತು. ಅದೇ ನಮ್ಮ ಕನ್ನಡ ಸಭೆಯಾಯಿತು. ಹುಬ್ಬಳ್ಳಿ ಕಡೆಯ ನರ್ಸುಗಳು, ಉಡುಪಿ ಕಡೆಯ ಕುಟುಂಬಗಳು, ಬೆಂಗಳೂರಿನಿಂದ ವರ್ಕ್ ವೀಸಾದಲ್ಲಿ ಬಂದು ಇಲ್ಲೇ ನೆಲೆಯಾದ ಕಂಪ್ಯೂಟರಿನವರು, ಎಲ್ಲ ಸೇರಿ ನಲವತ್ತು ನಲವತ್ತೈದು ಜನ. ಆರಾಧನೆ ಎಷ್ಟು ಗಂಟೆಗೆ ಎಂಬುದನ್ನು ನಾನು ನಿರ್ಧರಿಸಿದ್ದೇ ಇಲ್ಲ, ನರ್ಸುಗಳ ಶಿಫ್ಟ್ ನಿರ್ಧರಿಸುತ್ತಿತ್ತು.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ: ನನಗೆ ಕುತೂಹಲ ಜಾಸ್ತಿ. ಯಾರದೇ ಮನೆಗೆ ಹೋದರೂ ಬಾಗಿಲ ಬಳಿ ಬಿಟ್ಟ ಚಪ್ಪಲಿ, ಶೂಗಳನ್ನು ಮೊದಲು ನೋಡುತ್ತೇನೆ. ಮನೆಯಲ್ಲಿ ನಾಲ್ಕು ಜನ, ಶೂ ಆರು ಜೊತೆ ಇದ್ದರೆ ಊರಿನಿಂದ ಯಾರೋ ಬಂದಿದ್ದಾರೆ. ಗಂಡನ ಆಫೀಸ್ ಶೂ ಮೇಲೆ ಧೂಳು ಕೂತಿದ್ದರೆ ಕೆಲಸದ ವಿಷಯ ತೆಗೆಯಬಾರದು. ನನ್ನ ಹೆಂಡತಿ ಸುಲೋಚನಾ ಇದನ್ನು ಪೊಲೀಸ್ ಬುದ್ಧಿ ಅನ್ನುತ್ತಾಳೆ. ಆದರೆ ಕುತೂಹಲವಿಲ್ಲದವನು ಈ ಕೆಲಸಕ್ಕೆ ಬರಬಾರದು ಎಂದು ನಾನು ಈಗಲೂ ನಂಬುತ್ತೇನೆ. ಇಷ್ಟೆಲ್ಲ ಕುತೂಹಲ ಇದ್ದೂ ಕೇಳಬೇಕಾದ ಒಂದು ಪ್ರಶ್ನೆಯನ್ನು ನಾನು ಒಂಬತ್ತು ವರ್ಷ ಕೇಳಲಿಲ್ಲ. ಅದಕ್ಕೆ ಬರುತ್ತೇನೆ.

ಮೊದಲು ಆಸ್ಪತ್ರೆ. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಭಾನುವಾರ ಬೆಳಗಿನ ಇಂಗ್ಲಿಷ್ ಆರಾಧನೆ ಮುಗಿಸಿ, ಕಪ್ಪು ಅಂಗಿ, ಬಿಳಿ ಕಾಲರಿನಲ್ಲೇ ಆಸ್ಪತ್ರೆಗೆ ಹೋದೆ. ಹುಬ್ಬಳ್ಳಿಯಿಂದ ಮಗನ ಮನೆಗೆ ಬಂದಿದ್ದ ನಿವೃತ್ತ ಮಾಸ್ತರರೊಬ್ಬರಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು. ಹಾಸಿಗೆಯಲ್ಲಿ ಕೂತು ಟೋಸ್ಟ್ ತಿನ್ನುತ್ತಿದ್ದರು. ನನ್ನನ್ನು ಕಂಡದ್ದೇ ಟೋಸ್ಟ್ ತಟ್ಟೆಗೆ ಬಿತ್ತು.

"ಡಾಕ್ಟರು ನನಗೇನೂ ಹೇಳಿಲ್ರೀ. ನಿಮಗ ಹೇಳ್ಯಾರೇನು?" ಎಂದರು. ಕಣ್ಣಲ್ಲಿ ನೀರು.

"ಏನೂ ಇಲ್ಲ ಸರ್, ಸುಮ್ಮನ ಭೆಟ್ಟಿಗೆ ಬಂದೇನಿ" ಎಂದೆ.

"ಸುಮ್ಮನ ಬರಾವ್ರು ಹಿಂಗ ಬರ್ತಾರೇನ್ರೀ?" ಎಂದು, ಕೊನೆಯ ಪ್ರಾರ್ಥನೆಗೆ ಬಂದವನನ್ನು ನೋಡುವಂತೆ ನೋಡಿ, ನನ್ನ ಕಾಲರ್ ತೋರಿಸಿದರು. ಅಷ್ಟರಲ್ಲಿ ಅವರ ಪಕ್ಕದ ಮಶೀನು ಕುಂಯ್ ಕುಂಯ್ ಅನ್ನಲಾರಂಭಿಸಿ, ನರ್ಸ್ ಓಡಿಬಂದು, ನನ್ನನ್ನು ಪರದೆಯ ಆಚೆಗೆ ಕಳಿಸಿದಳು. ಮಾಸ್ತರರು ಮೂರನೆಯ ದಿನ ಮನೆಗೆ ಹೋದರು, ಈಗಲೂ ಗಟ್ಟಿಯಾಗಿದ್ದಾರೆ. ಆದರೆ ನಾನು ಅಂದಿನಿಂದ ಕಾಲರ್ ಮುಚ್ಚುವಷ್ಟು ಎತ್ತರದ ಕುತ್ತಿಗೆಯ ಸ್ವೆಟರ್ ಒಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಆಸ್ಪತ್ರೆಗೆ ಹೋಗುತ್ತೇನೆ. ನೀವೂ ಒಂದು ಕೊಂಡಿಟ್ಟುಕೊಳ್ಳಿ.

ನನ್ನ ಮೇಲಿನವರು ಮಾರ್ಗರೆಟ್ ಎಂಬ ಹೆಂಗಸು, ಆ ಇಂಗ್ಲಿಷ್ ಚರ್ಚಿನ ಪಾದ್ರಿ. ಹೆಂಗಸಿನ ಕೈಕೆಳಗೆ ಕೆಲಸ ಮಾಡುವುದು ನನಗೆ ಹೊಸದು. ಅವರು ಅರವತ್ತರ ವಯಸ್ಸಿನಲ್ಲೂ ಸೈಕಲ್ ಮೇಲೆ ಬರುತ್ತಿದ್ದುದು ಇನ್ನೂ ಹೊಸದು. ಒಮ್ಮೆ ಸರ್ಕಾರಿ ಬಾಡಿಗೆಯ ಕೌನ್ಸಿಲ್ ಫ್ಲ್ಯಾಟಿನ ನಾಲ್ಕನೆಯ ಮಹಡಿಯಲ್ಲಿದ್ದ ಒಬ್ಬ ಅಜ್ಜಿಯನ್ನು ನೋಡಲು ಇಬ್ಬರೂ ಹೋದೆವು. ನಾನು ಊರಿನ ಪದ್ಧತಿಯಂತೆ ಕೂತು, ಎರಡು ಮಾತಾಡಿ, ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದೆ. ಹತ್ತು ನಿಮಿಷದ ಮೇಲೆ ಕಣ್ಣು ಬಿಟ್ಟರೆ ಅಜ್ಜಿ ಕುರ್ಚಿಯಲ್ಲಿಲ್ಲ. ಅಡುಗೆಮನೆಯಲ್ಲಿ ಬೆಕ್ಕಿಗೆ ಊಟ ಹಾಕುತ್ತಿದ್ದರು.

ಲಿಫ್ಟಿನಲ್ಲಿ ಇಳಿಯುವಾಗ ಮಾರ್ಗರೆಟ್, "ನೀವು ಅವರನ್ನು ಕೇಳಿದಿರಾ?" ಎಂದರು.

"ಏನನ್ನು?"

"ಪ್ರಾರ್ಥನೆ ಮಾಡಲೇ ಎಂದು."

ನನಗೆ ನಗು ಬಂತು. ಬೆಟಗೇರಿಯಲ್ಲಿ ಅಯ್ಯನವರು ಮನೆಗೆ ಬಂದು ಪ್ರಾರ್ಥನೆ ಮಾಡದೆ ಹೋದರೆ, ನಮ್ಮಿಂದೇನು ತಪ್ಪಾಯಿತು ಎಂದು ಆ ಮನೆಯವರು ವಾರಗಟ್ಟಲೆ ಕೊರಗುತ್ತಾರೆ. ಕೇಳುವುದೇನು ಬಂತು? ಇದು ಇಂಗ್ಲಿಷರ ಬಿಗುಮಾನ ಎಂದುಕೊಂಡು ಆ ಮಾತನ್ನು ಅಲ್ಲೇ ಬಿಟ್ಟೆ. ಮಾರ್ಗರೆಟ್ ಮತ್ತೆಂದೂ ಅದನ್ನು ಎತ್ತಲಿಲ್ಲ. ಅವರ ಆ ಪ್ರಶ್ನೆಗೆ ಎಷ್ಟು ತೂಕವಿತ್ತೆಂದು ತಿಳಿಯುವ ಹೊತ್ತಿಗೆ ಅವರು ನಿವೃತ್ತರಾಗಿ ಸಮುದ್ರದ ಕಡೆ ಎಲ್ಲೋ ಹೋಗಿದ್ದರು.

ಅಂತ್ಯಕ್ರಿಯೆಯ ಬಗ್ಗೆಯೂ ಒಂದು ಮಾತು. ಇಲ್ಲಿ ದಹನ ಮಂದಿರದಲ್ಲಿ ಅರ್ಧ ಗಂಟೆಯ ಲೆಕ್ಕದಲ್ಲಿ ಸಮಯ ಕೊಡುತ್ತಾರೆ. ನಮ್ಮ ಕೀರ್ತನೆಗಳಿಗೆ ಆರು ಚರಣ, ಮೇಲೆ ಪ್ರತಿ ಚರಣಕ್ಕೂ ಪಲ್ಲವಿ. ಒಮ್ಮೆ ಬೆಂಗಳೂರಿನ ಹಿರಿಯರೊಬ್ಬರು ತೀರಿಕೊಂಡಾಗ, ನಾಲ್ಕನೆಯ ಚರಣ ಮುಗಿಯುವಷ್ಟರಲ್ಲಿ ಕಪ್ಪು ಕೋಟಿನ ಸಿಬ್ಬಂದಿ ಬಾಗಿಲಲ್ಲಿ ನಿಂತು ಕೆಮ್ಮಿದ. ನಾನು ಕೈಯೆತ್ತಿ ಹಾಡು ನಿಲ್ಲಿಸಿದೆ. ತೀರಿಕೊಂಡವರ ಹೆಂಡತಿ ನನ್ನ ಕಡೆ ನೋಡಲಿಲ್ಲ. ಒಬ್ಬರೇ ಐದನೆಯ ಚರಣ ಎತ್ತಿಕೊಂಡರು. ಜನ ಅವರ ಹಿಂದೆ ಹಾಡಿದರು. ಮುಂದಿನ ಸರದಿಯ ಇಂಗ್ಲಿಷ್ ಕುಟುಂಬ ಹೊರಗೆ ಹೂಗುಚ್ಛ ಹಿಡಿದು ಕಾಯುತ್ತಿತ್ತು. ಅವರಲ್ಲೊಬ್ಬ ಮುದುಕ ನಮ್ಮ ಹಾಡಿಗೆ ಟೋಪಿ ತೆಗೆದು ನಿಂತಿದ್ದ. ಆಮೇಲೆ ನಾನು ಯಾವಾಗಲೂ ಎರಡು ಸರದಿ ಒಟ್ಟಿಗೆ ಬುಕ್ ಮಾಡಿಸುತ್ತಿದ್ದೆ.

ಈಗ ಚೀಟಿಯ ವಿಷಯ. ಇಲ್ಲಿ ಬರುವ ತಾಯಿ ಮಗಳ ಹೆಸರು ಬದಲಿಸಿದ್ದೇನೆ. ಬರೆಯಲೇ ಎಂದು ಇಬ್ಬರನ್ನೂ ಕೇಳಿದ್ದೇನೆ. ಓದಿ ಎರಡು ಸಾಲು ತೆಗೆಸಿದರು, ಉಳಿದದ್ದಕ್ಕೆ ಒಪ್ಪಿದರು.

ನಮ್ಮ ಸಭೆಗಳಲ್ಲಿ ಪ್ರಾರ್ಥನಾ ಚೀಟಿ ಎಂಬ ಪದ್ಧತಿಯಿದೆ. ಯಾರಿಗೆ ಏನು ಕಷ್ಟವೋ, ಏನು ಬೇಕೋ, ಅದನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಅಯ್ಯನವರು ಅದನ್ನು ಹೆಸರು ಹಿಡಿದು ಎಲ್ಲರ ಮುಂದೆ ಓದಿ ಪ್ರಾರ್ಥಿಸುತ್ತಾರೆ. ಹೆಸರು ಓದಿಸಿಕೊಳ್ಳುವುದು ಒಂದು ಗೌರವ. ಮರೆತು ಬಿಟ್ಟರೆ ಜಗಳ. ನಮ್ಮಲ್ಲಿ ಆರಾಧನೆಯ ಕೊನೆಗೆ ಬಟ್ಟೆ ಚೀಲವೊಂದು ಸಾಲು ಸಾಲಾಗಿ ಹೋಗುತ್ತಿತ್ತು, ಚೀಟಿಗಳು ಅದರಲ್ಲಿ ಬೀಳುತ್ತಿದ್ದವು. ನಾನು ಮನೆಗೆ ಒಯ್ದು, ಕೈಬರಹ ಬಿಡಿಸಿಕೊಂಡು, ಒಂದು ಹಾಳೆಯಲ್ಲಿ ಚಂದವಾಗಿ ಬರೆದುಕೊಂಡು, ಮುಂದಿನ ಆರಾಧನೆಯಲ್ಲಿ ಓದುತ್ತಿದ್ದೆ. ಎಂದರೆ ಎರಡು ವಾರದ ಮೇಲೆ. ಪೀಠದಲ್ಲಿ ನಿಂತು "ಈ ಹೊತ್ತು ನಮಗೆ ಬಂದಿರುವ ಪ್ರಾರ್ಥನಾ ವಿನಂತಿಗಳು" ಎಂದು ಶುರುಮಾಡುವುದು ನನ್ನ ಗುರುಗಳಿಂದ ಬಂದ ರೂಢಿ. ನಾನು ಚೆನ್ನಾಗಿ ಓದುತ್ತಿದ್ದೆ. ಆ ಹೆಮ್ಮೆಯೂ ನನಗಿತ್ತು.

ರೂತ್ ಉಡುಪಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಇಲ್ಲಿನ ವೃದ್ಧರ ಒಂದು ಕೇರ್ ಹೋಮಿನಲ್ಲಿ ನರ್ಸಾಗಿದ್ದು ಮಗಳು ಶಾಲಿನಿಯನ್ನು ಒಬ್ಬರೇ ಬೆಳೆಸಿದ್ದರು. ಗಾಯನವೃಂದದಲ್ಲಿ ಹಾಡುತ್ತಿದ್ದುದರಿಂದ ಯಾವಾಗಲೂ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಒಂದು ಭಾನುವಾರ ಅವರ ಚೀಟಿ ಬಂತು: "ಮಗಳು ಶಾಲಿನಿ ಮನೆ ಬಿಟ್ಟು ಹೋಗಿ ಹತ್ತು ದಿನವಾಯಿತು. ಅವಳ ಮನಸ್ಸು ತಿರುಗಿ ಮನೆಗೆ ಬರುವ ಹಾಗೆ ಪ್ರಾರ್ಥಿಸಿರಿ." ಹುಡುಗಿಗೆ ಹತ್ತೊಂಬತ್ತು. ಯಾಕೆ ಹೋದಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಆದರೆ ಆ ಚೀಟಿ ಹದಿನಾಲ್ಕು ದಿನ ನಮ್ಮ ಊಟದ ಮೇಜಿನ ಮೇಲಿತ್ತು. ನಾನು ರೂತ್ ಅವರಿಗೆ ಒಂದು ಫೋನ್ ಮಾಡಲಿಲ್ಲ. ಚೀಟಿಯನ್ನು ನನ್ನ ಹಾಳೆಯಲ್ಲಿ ಒಬ್ಬರ ಉಬ್ಬಸಕ್ಕೂ ಇನ್ನೊಬ್ಬರ ಡ್ರೈವಿಂಗ್ ಟೆಸ್ಟಿಗೂ ನಡುವೆ ಸೇರಿಸಿದೆ, ಅಷ್ಟೆ.

ಶಾಲಿನಿ ಆ ಎರಡನೆಯ ವಾರದ ಶುಕ್ರವಾರ ತಾನಾಗಿಯೇ ಮನೆಗೆ ಬಂದಿದ್ದಳು. ಭಾನುವಾರ ತಾಯಿ ಕರೆದದ್ದಕ್ಕೆ ಸಭೆಗೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಓದುವ ಕನ್ನಡಕ ಹಾಕಿದ್ದೆ, ಅದರಲ್ಲಿ ಹಿಂದಿನ ಸಾಲು ಬರೀ ಮಬ್ಬು. ಕಂಡಿದ್ದರೂ ನಿಲ್ಲಿಸುತ್ತಿದ್ದೆನೆಂದು ಆಣೆಯಿಟ್ಟು ಹೇಳಲಾರೆ. ಇಲ್ಲಿನ ಮಕ್ಕಳು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ, ಹಾಗಾಗಿ ಕನ್ನಡ ಅವರ ತಲೆಯ ಮೇಲೆಯೇ ಹಾದುಹೋಗುತ್ತದೆ ಎಂದು ನಾವು ದೊಡ್ಡವರು ಆರಾಮಾಗಿದ್ದೆವು. ಅವರಿಗೆ ಪ್ರತಿಯೊಂದು ಮಾತೂ ತಿಳಿಯುತ್ತಿತ್ತು.

"ಈ ಹೊತ್ತು ನಮಗೆ ಬಂದಿರುವ..." ಎಂದು ಶುರುಮಾಡಿ ನಾನು ಓದಿದೆ. ತಿದ್ದಿ, ತೀಡಿ, ದನಿಯಲ್ಲಿ ಮರುಕ ತುಂಬಿ ಓದಿದೆ. ಹತ್ತು ದಿನ ಎಂಬ ಲೆಕ್ಕ ಬಿಟ್ಟು, ದಾರಿ ತಪ್ಪಿದ ಮಗಳು ಎಂಬ ಮಾತನ್ನು ಚೀಟಿಯಲ್ಲಿ ಇರದಿದ್ದರೂ ಸೇರಿಸಿದೆ. ಹಿಂದೆ ಕುರ್ಚಿ ಸರಿದ ಸದ್ದಾಯಿತು, ಬಾಗಿಲು ಮುಚ್ಚಿತು. ಯಾರದೋ ಮಗು ಅತ್ತಿರಬೇಕು, ಹೊರಗೆ ಒಯ್ದರು ಎಂದುಕೊಂಡು ಆಮೆನ್ ಹೇಳಿ ಮುಂದಿನದಕ್ಕೆ ಹೋದೆ. ಆಮೇಲೆ ಚಹಾದ ಹೊತ್ತಿಗೆ ಸುಲೋಚನಾ ಬಂದು, "ಎದ್ದು ಹೋದಾಕಿ ಶಾಲಿನಿ ರೀ" ಎಂದಳು.

ಮರುದಿನ ರೂತ್ ಅವರ ಮನೆಗೆ ಹೋಗಬೇಕಾಗಿತ್ತು. ಹೋಗಲಿಲ್ಲ. "ತಪ್ಪಾಯಿತು, ಕ್ಷಮಿಸಿ" ಎಂದು ಮೆಸೇಜ್ ಕಳಿಸಿದೆ. "ಪರವಾಗಿಲ್ಲ ಅಯ್ಯನೋರೆ" ಎಂದು ಉತ್ತರ ಬಂತು. ಅದನ್ನು ಕ್ಷಮೆ ಎಂದು ತೆಗೆದುಕೊಂಡು ಸಮಾಧಾನ ಮಾಡಿಕೊಂಡೆ. ಶಾಲಿನಿ ಅಂದು ಸಂಜೆಯೇ ಬ್ಯಾಗ್ ತೆಗೆದುಕೊಂಡು ಹೋದಳೆಂದೂ ಮತ್ತೆ ಮನೆಗೆ ಬರಲಿಲ್ಲವೆಂದೂ ಬೇರೆಯವರಿಂದ ತಿಳಿಯಿತು.

ಇದರ ಮೇಲೆ ನಾನು ಪದ್ಧತಿ ಬದಲಿಸಿದೆ. ಪದ್ಧತಿ ಬದಲಿಸುವುದು ಸುಲಭ. ಚೀಲ ನಿಲ್ಲಿಸಿ, ಬೇಕಾದವರು ತಾವೇ ಎದ್ದು ಹೇಳಲಿ ಎಂದೆ. ಒಬ್ಬರು ಎದ್ದು ಮಂಡಿನೋವಿನ ಚರಿತ್ರೆಯನ್ನು ಇಪ್ಪತ್ತು ನಿಮಿಷ ಹೇಳಿದರು. ಆಮೇಲೆ ವಾಟ್ಸಾಪ್ ಗುಂಪು ಬಂತು. ಅದರಲ್ಲಿ ಪ್ರಾರ್ಥನೆಗಿಂತ ಗುಡ್ ಮಾರ್ನಿಂಗ್ ಹೂವುಗಳೇ ಹೆಚ್ಚು. ಕೊನೆಗೆ ಪ್ರತಿಯೊಬ್ಬರಿಗೂ ಫೋನ್ ಮಾಡಿ, ಇದು ಎಲ್ಲರಿಗೂ ಕೇಳಲಿಯೋ, ನನ್ನಲ್ಲೇ ಇರಲಿಯೋ, ಈಗ ಪರಿಸ್ಥಿತಿ ಹೇಗಿದೆ ಎಂದು ಕೇಳಿಯೇ ಓದುವುದು ರೂಢಿಯಾಯಿತು. ಹತ್ತರಲ್ಲಿ ಮೂರು ಸಲವಾದರೂ ವಿಷಯ ಅಷ್ಟರಲ್ಲಿ ಬದಲಾಗಿರುತ್ತಿತ್ತು. ನೀವು ಇದೊಂದನ್ನು ಮಾತ್ರ ಬಿಡಬೇಡಿ.

ರೂತ್ ಅವರು ಒಂದು ಭಾನುವಾರವೂ ತಪ್ಪಿಸಲಿಲ್ಲ. ಅದೇ ಮುಂದಿನ ಸಾಲು, ಅದೇ ದನಿ. ಚಹಾದ ಹೊತ್ತಿಗೆ ತಾವು ಮಾಡಿ ತಂದ ಗೋಳಿಬಜೆಯ ಡಬ್ಬಿ ತೆಗೆದು ಮೊದಲು ನನ್ನ ಮುಂದೆ ಹಿಡಿಯುತ್ತಿದ್ದರು. ನಾನು ತಿನ್ನುತ್ತಿದ್ದೆ. ಶಿಫ್ಟ್ ಹೇಗಿದೆ, ಬೆನ್ನುನೋವು ಹೇಗಿದೆ ಎಂದು ಕೇಳುತ್ತಿದ್ದೆ. ಶಾಲಿನಿ ಹೇಗಿದ್ದಾಳೆ ಎಂದು ಮಾತ್ರ ಕೇಳಲಿಲ್ಲ. ಅವರ ಪಕ್ಕದ ಬೀದಿಯ ಮನೆಗೆ ವರ್ಷಕ್ಕೆ ನಾಲ್ಕು ಸಲ ಹೋಗುತ್ತಿದ್ದೆ, ಅವರ ಬೀದಿ ತಪ್ಪಿಸಿ ಸುತ್ತು ಹಾಕಿ ಹೋಗುತ್ತಿದ್ದೆ. ನನಗೆ ನನ್ನ ಮೇಲೆ ಅಸಹ್ಯವಾಗುತ್ತಿತ್ತು. ಆದರೂ ಸುತ್ತು ಹಾಕುತ್ತಿದ್ದೆ.

ನಿವೃತ್ತಿಗೆ ಒಂದು ತಿಂಗಳಿರುವಾಗ ಬೀಳ್ಕೊಡುಗೆಯ ಪ್ರಸಂಗ, ಎಂದರೆ ಪೀಠದಿಂದ ಮಾಡುವ ಕೊನೆಯ ಉಪದೇಶ, ಬರೆಯಲು ಕೂತೆ. ಇದೊಂದನ್ನು ಹೇಳಿಯೇ ಹೋಗಬೇಕು ಅನ್ನಿಸಿತು. ಆ ಭಾನುವಾರದ ಕಥೆಯನ್ನೆಲ್ಲ ಬರೆದು, ರೂತ್ ಅವರ ಮುಂದೆಯೂ ಸಭೆಯ ಮುಂದೆಯೂ ಕ್ಷಮೆ ಕೇಳುತ್ತೇನೆ ಎಂದು ಮುಗಿಸಿದೆ. ಬರೆಯುತ್ತ ಬರೆಯುತ್ತ ಅತ್ತೂಬಿಟ್ಟೆ. ಸುಲೋಚನಾಗೆ ಓದಲು ಕೊಟ್ಟೆ. ಅವಳು ಓದಿ ಮುಗಿಸಿ ಹಾಳೆಗಳನ್ನು ಮೇಜಿನ ಮೇಲಿಟ್ಟಳು.

"ಇದನ್ನ ಎಲ್ಲಾರ ಮುಂದ ಓದಾವ್ರೇನು?"

"ಹೌದು. ತಪ್ಪು ಒಪ್ಕೋಬೇಕಲ್ಲ?"

"ಆ ಹುಡುಗಿ ಹೆಸರು ಎಲ್ಲಾರ ಮುಂದ ಇನ್ನೊಮ್ಮೆ ಓದಿ? ಒಮ್ಮೆ ಓದಿದ್ದು ಸಾಕಾಗಿಲ್ಲೇನ್ರೀ ನಿಮಗ?"

ನಾನು ಹಾಳೆಗಳನ್ನು ಮಡಚಿದೆ.

"ಆಕಿ ಅವ್ವನ ಮನೀಗೆ ಹೋಗ್ರಿ. ಒಬ್ಬರ ಹೋಗ್ರಿ, ನಾ ಬರಂಗಿಲ್ಲ" ಎಂದು ಎದ್ದು ಒಳಗೆ ಹೋದಳು.

ಮರುದಿನ ಹೋದೆ. ರೂತ್ ಬಾಗಿಲು ತೆಗೆದವರು ನನ್ನ ಹಿಂದೆ ಕಣ್ಣು ಹಾಯಿಸಿದರು.

"ಬನ್ನಿ ಬನ್ನಿ ಅಯ್ಯನೋರೆ. ಎಂತ, ಒಬ್ರೇ? ಅಮ್ಮನೋರು ಬರ್ಲಿಲ್ವಾ?"

ಬಾಗಿಲ ಬಳಿ ಒಂದೇ ಜೊತೆ ಶೂ ಇತ್ತು. ಚಹಾ ತರಲು ಹೊರಟವರನ್ನು ನಿಲ್ಲಿಸಿ ಕೇಳಿಬಿಟ್ಟೆ: "ರೂತಮ್ಮ, ಶಾಲಿನಿ ಹೇಗಿದ್ದಾಳೆ?"

ಅವರು ವಾಪಸು ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ಒಂಬತ್ತು ವರ್ಷ ಆಯ್ತು. ನೀವು ಇವತ್ತು ಕೇಳಿದ್ದು" ಎಂದರು. ಸಿಟ್ಟಿನ ದನಿಯಲ್ಲ. "ಟೂಟಿಂಗಲ್ಲಿ ಇದ್ದಾಳೆ. ಫಿಸಿಯೋಥೆರಪಿ ಕೆಲಸ. ಕ್ರಿಸ್‌ಮಸ್ಸಿಗೆ ಫೋನ್ ಮಾಡ್ತಾಳೆ. ಎರಡು ನಿಮಿಷ. ಹೇಗಿದ್ದೀ, ಚೆನ್ನಾಗಿದ್ದೇನೆ, ಅಲ್ಲಿಗೆ ಮುಗೀತು."

"ನಾನು ಹಾಗೆ ಓದಿ ಅವಳಿಗೆ ಅವಮಾನ ಮಾಡಿದೆ."

"ಓದಿದ್ದಕ್ಕೆ ಅಲ್ಲ ಅಯ್ಯನೋರೆ. ಅದು ನಾನು ಅದೇ ದಿನ ಬೆಳಿಗ್ಗೆ ಬರ್ದು ಕೊಟ್ಟ ಚೀಟಿ ಅಂತ ಅವಳ ತಲೆಯಲ್ಲಿ ಕೂತಿದೆ. ಮನೆಗೆ ಬಂದವಳನ್ನು ಎರಡು ದಿನ ಊಟ ಹಾಕಿ ಇಟ್ಕೊಂಡು, ಮತ್ತೆ ಚರ್ಚಿಗೆ ಕರ್ಕೊಂಡು ಹೋಗಿ, ಎಲ್ಲರ ಎದುರು ಮಾನ ತೆಗ್ದದ್ದು ಅಮ್ಮ ಅಂತ. ಸಂಜೆ ಬ್ಯಾಗ್ ತಗೊಳ್ಳಿಕ್ಕೆ ಬಂದಾಗ ಹೇಳಿದೆ, ಅದು ಹಳೇ ಚೀಟಿ ಅಂತ. ನಂಬುದಿಲ್ಲ. ಈ ಹೊತ್ತು ಬಂದದ್ದು ಅಂತ ಪಾಸ್ಟರೇ ಹೇಳಿದ್ರಲ್ಲ, ಪಾಸ್ಟರ್ ಸುಳ್ಳು ಹೇಳ್ತಾರಾ, ಅಂತ ಕೇಳಿದ್ಳು."

ಇಷ್ಟು ವರ್ಷ ನಾನು ಆ ಹುಡುಗಿ ನನ್ನ ಮೇಲಿನ ಸಿಟ್ಟಿಗೆ ದೂರವಿದ್ದಾಳೆ ಎಂದುಕೊಂಡಿದ್ದೆ. ಅವಳ ಸಿಟ್ಟು ತಾಯಿಯ ಮೇಲೆ. ಅದನ್ನು ಅಳಿಸುವ ಒಂದೇ ಒಂದು ವಾಕ್ಯ ಇದ್ದದ್ದು ನನ್ನ ಬಾಯಲ್ಲಿ.

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ ರೂತಮ್ಮ?"

"ಅಯ್ಯನೋರಿಗೆ ನಾನು ಹೇಗೆ ಹೇಳುದು, ತಪ್ಪು ನಿಮ್ದು ಅಂತ? ನೀವೇ ಬ‌ಂದು ಅವಳಿಗೆ ಹೇಳ್ತೀರಿ ಅಂತ ಕಾದೆ. ಒಂದು ವರ್ಷ ಕಾದೆ. ಮತ್ತೆ ಬಿಟ್ಟೆ."

ಅಂದು ನಾನು ಪ್ರಾರ್ಥನೆ ಮಾಡಲೇ ಎಂದು ಕೇಳಿದೆ. "ಈಗ ಬೇಡ ಅಯ್ಯನೋರೆ, ಮೊದ್ಲು ಅವಳತ್ರ ಮಾತಾಡಿ" ಎಂದರು. ನನ್ನ ಸೇವೆಯಲ್ಲಿ ನಮ್ಮವರೊಬ್ಬರು ಬೇಡ ಎಂದದ್ದು ಅದೊಂದೇ ಸಲ. ಅವರು ಹೇಳಿದ್ದು ಸರಿಯಾಗಿತ್ತು.

ರೂತ್ ಮೆಸೇಜ್ ಮಾಡಿ ಮಗಳ ಒಪ್ಪಿಗೆ ಕೇಳಿದರು. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಬಂತು: ಶನಿವಾರ ಹನ್ನೊಂದು ಗಂಟೆಗೆ, ಅರ್ಧ ಗಂಟೆ ಮಾತ್ರ. ಕೆಳಗೆ ಟೂಟಿಂಗಿನ ಒಂದು ದೋಸೆ ಹೋಟೆಲಿನ ಹೆಸರು.

ಗ್ರೀನ್‌ಫರ್ಡಿನಿಂದ ಟೂಟಿಂಗಿಗೆ, ಎಂದರೆ ಇದೇ ನಗರದ ಇನ್ನೊಂದು ತುದಿಗೆ, ಟ್ಯೂಬ್ ರೈಲಿನಲ್ಲಿ ಒಂದು ಗಂಟೆಯ ಮೇಲಾಗುತ್ತದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದೆ. ಮೂರು ಅಂಶಗಳ ಪ್ರಸಂಗದ ಹಾಗೆ ಅದು ತಯಾರಾಗುತ್ತಿತ್ತು. ಹೋಟೆಲಿನಲ್ಲಿ ಶಾಲಿನಿ ಗೋಡೆಯ ಕಡೆಯ ಮೇಜಿನಲ್ಲಿ ಕೂತಿದ್ದಳು. ಮುಖ ತಾಯಿಯದೇ. "ಹಲೋ ಪಾಸ್ಟರ್ ಅಂಕಲ್" ಎಂದಳು. ನಾನು ಬರೀ ಕಾಫಿ ಹೇಳಿದೆ. ತಯಾರಾಗಿದ್ದ ಪ್ರಸಂಗದ ಒಂದಕ್ಷರವೂ ನೆನಪಿಗೆ ಬರಲಿಲ್ಲ.

"ಆ ಚೀಟಿ ನಿಮ್ಮಮ್ಮ ಹಿಂದಿನ ಆರಾಧನೆಯಲ್ಲಿ ಕೊಟ್ಟದ್ದಮ್ಮ. ನೀನು ಮನೆಗೆ ಬರೋದಕ್ಕಿಂತ ಹನ್ನೆರಡು ದಿನ ಮುಂಚೆ. ಈ ಹೊತ್ತು ಬಂದದ್ದು ಅಂತ ನಾನು ಅಭ್ಯಾಸಬಲದಿಂದ ಹೇಳಿದೆ. ಅದು ಸುಳ್ಳು" ಎಂದೆ.

ಅವಳು ಇಂಗ್ಲಿಷಿನಲ್ಲಿ ಒಂದೊಂದಾಗಿ ಕೇಳತೊಡಗಿದಳು. ಚೀಟಿ ಯಾರ ಕೈಗೆ ಕೊಟ್ಟರು, ಆ ಎರಡು ವಾರ ಎಲ್ಲಿತ್ತು, ನಾನು ಅದನ್ನು ಮುಂಚೆ ಓದಿದ್ದೆನೇ. ನಮ್ಮ ಊಟದ ಮೇಜಿನ ಮೇಲಿತ್ತು, ಎರಡು ಸಲ ಓದಿದ್ದೆ ಎಂದೆ.

"ಎರಡು ಸಲ ಯಾಕೆ?"

"ಚೆನ್ನಾಗಿ ಓದಬೇಕಲ್ಲ ಅಂತ."

"ಅಮ್ಮನಿಗೆ ಫೋನ್ ಮಾಡಲಿಲ್ಲ?"

"ಇಲ್ಲ."

"ನಾನು ಬಾಗಿಲ ಹೊರಗೇ ನಿಂತಿದ್ದೆ, ಅಂಕಲ್. ಯಾರಾದರೂ ಬರುತ್ತಾರೆ ಅಂತ. ಅಮ್ಮ ಕೂಡ ಬರಲಿಲ್ಲ. ನೀವು ಮುಂದಿನದನ್ನು ಓದಿದಿರಿ. ಯಾರದೋ ಡ್ರೈವಿಂಗ್ ಟೆಸ್ಟ್."

"ಪ್ರಾರ್ಥನೆಯ ನಡುವೆ ಏಳಬಾರದು ಅಂತ ನಿಮ್ಮಮ್ಮನಿಗೆ ಹೇಳಿಕೊಟ್ಟವನೂ ನಾನೇ. ಆಮೆನ್ ಆದ ಮೇಲೆ ಬಂದಿರುತ್ತಾರೆ."

ಅವಳು ಮೇಜಿನ ಮೇಲಿನ ನೀರಿನ ಲೋಟವನ್ನೇ ನೋಡುತ್ತಿದ್ದಳು. "ಆ ಡ್ರೈವಿಂಗ್ ಟೆಸ್ಟ್, ಪಾಸಾದರಾ?"

"ಇಲ್ಲ. ಮೂರನೆಯ ಸಲಕ್ಕೆ ಪಾಸಾದ."

ಅವಳಿಗೆ ನಗು ಬಂತು. ನಗುತ್ತ ನಗುತ್ತಲೇ ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಕೈ ತೆಗೆದು, ಮೊದಲ ಬಾರಿಗೆ ಕನ್ನಡದಲ್ಲಿ ಕೇಳಿದಳು. "ಮತ್ತೆ ನೀವು ಯಾಕೆ ಹೇಳ್ಲಿಲ್ಲ? ಇಷ್ಟು ವರ್ಷ?"

"ನಾಚಿಕೆ" ಎಂದೆ. "ಬೇರೆ ಕಾರಣ ಇಲ್ಲ."

"ಒಂಬತ್ತು ವರ್ಷ ನಂಗೆ ಅಮ್ಮ ಇರ್ಲಿಲ್ಲ ಅಂಕಲ್."

ನಾನು ಕ್ಷಮಿಸು ಎಂದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ. ನಾನೂ ಎರಡನೆಯ ಸಲ ಕೇಳಲಿಲ್ಲ. ಅವಳು ಫೋನ್ ಕೈಗೆತ್ತಿಕೊಂಡು ಬೆರಳಾಡಿಸಿದಾಗ ಯಾರಿಗೆಂದು ತಿಳಿಯಿತು. ನಾನು ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಬೀದಿಯಲ್ಲಿ ತರಕಾರಿ ಅಂಗಡಿಗಳ ಮುಂದೆ ಶನಿವಾರದ ಜನ. ಗಾಜಿನ ಕಡೆಗೆ ಬೆನ್ನು ಮಾಡಿ ನಿಂತೆ. ಅವಳು ಏನು ಹೇಳಿದಳೋ, ಆ ಕಡೆಯಿಂದ ರೂತ್ ಏನು ಹೇಳಿದರೋ ನನಗೆ ತಿಳಿಯದು. ಅಂದಿನಿಂದ ಇಂದಿನವರೆಗೆ ಇಬ್ಬರನ್ನೂ ಅದನ್ನು ಕೇಳಿಲ್ಲ. ಅರ್ಧ ಗಂಟೆ ಯಾವಾಗಲೋ ಮೀರಿತ್ತು.

ಆಮೇಲೆ ಬಾಗಿಲು ತೆರೆದುಕೊಂಡಿತು. ಶಾಲಿನಿ ಫೋನ್ ಕಿವಿಗೆ ಹಿಡಿದೇ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ಅಂಕಲ್, ಅಮ್ಮ ಕೇಳ್ತಿದ್ದಾರೆ" ಎಂದಳು. "ನಿಮ್ದು ತಿಂಡಿ ಆಯ್ತಾ ಅಂತ."

ಬೆಳಗಿನಿಂದ ಏನೂ ತಿಂದಿರಲಿಲ್ಲ. "ಇಲ್ಲ ಅಂತ ಹೇಳಮ್ಮ" ಎಂದೆ. ಅವಳು ಹಾಗೆಯೇ ಫೋನಿನಲ್ಲಿ ಹೇಳಿ, ನನಗಾಗಿ ಬಾಗಿಲು ಹಿಡಿದು ನಿಂತಳು.